ಸಿಡಿಲಿಗೆ ಸ್ವಿಚ್ ಹೋಯಿತು, ಕಾನ್ಫಿಗ್ ಎಲ್ಲಿ? ನನ್ನ ಏಳು ತಿಂಗಳ ಅನುಭವ

ಕಳೆದ ಮೇ ತಿಂಗಳ ಎರಡನೇ ವಾರ. ಸಂಜೆ ಐದೂವರೆಗೆ ಮಳೆ ಶುರುವಾಯಿತು. ನಮ್ಮದು ಮಲೆನಾಡಿನ ಅಂಚಿನ ಊರು, ಮುಂಗಾರಿಗೆ ಮುಂಚಿನ ಮಳೆಯಲ್ಲಿ ಗುಡುಗು ಸಿಡಿಲು ಜಾಸ್ತಿ. ಕಾಲೇಜಿನ ಹಿಂದಿದ್ದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮರದ ತುದಿ ಹೊತ್ತಿಕೊಂಡಿದ್ದನ್ನು ಎಲ್ಲರೂ ನೋಡಿದರು. ನಮ್ಮ ಕೋರ್ ಸ್ವಿಚ್ (ಕಾಲೇಜಿನ ನೆಟ್‌ವರ್ಕ್ ಎಲ್ಲ ಬಂದು ಸೇರುವ ಮುಖ್ಯ ಯಂತ್ರ) ಕೂಡ ಹೋಗಿದೆ ಅಂತ ಗೊತ್ತಾಗಿದ್ದು ಮಾರನೇ ದಿನ ಬೆಳಿಗ್ಗೆ, ನಾನು ಸರ್ವರ್ ರೂಮಿನ ಬೀಗ ತೆಗೆದಾಗ. ಒಂದು ದೀಪವೂ ಉರಿಯುತ್ತಿರಲಿಲ್ಲ. ಹತ್ತಿರ ಹೋದರೆ ಸುಟ್ಟ ವಾಸನೆ.

ನಾನು ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಇಂಟರ್ನಲ್ಸ್ ಅಂಕ ಅಪ್‌ಲೋಡ್ ಮಾಡುವ ಕೊನೆಯ ವಾರ ಅದು. ಹತ್ತು ಗಂಟೆಗೆಲ್ಲ ಸ್ಟಾಫ್ ರೂಮಿನಿಂದ ಫೋನ್ ಮೇಲೆ ಫೋನ್. ಪಕ್ಕದ ಕಾಲೇಜಿನವರು ಪುಣ್ಯಕ್ಕೆ ಅದೇ ಮಾದರಿಯ ಒಂದು ಸ್ವಿಚ್ ಎರವಲು ಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ಅದು ರ‍್ಯಾಕ್‌ನಲ್ಲಿತ್ತು. ಅಲ್ಲಿಂದ ನಿಜವಾದ ಕಷ್ಟ ಶುರುವಾಯಿತು. ಸ್ವಿಚ್ ಇದೆ, ಅದರೊಳಗೆ ಬರೆಯಬೇಕಾದ ಸೆಟ್ಟಿಂಗ್‌ಗಳು, ಅಂದರೆ ಕಾನ್ಫಿಗ್, ಅದೇ ಇಲ್ಲ.

ನನಗಿಂತ ಮುಂಚೆ ಇದ್ದವರು ಡೆಸ್ಕ್‌ಟಾಪ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್ ಬಿಟ್ಟು ಹೋಗಿದ್ದರು. ಹೆಸರು 'ಕೋರ್ ಫೈನಲ್ ಹೊಸದು'. ತೆಗೆದು ನೋಡಿದರೆ ಎರಡು ವರ್ಷ ನಾಲ್ಕು ತಿಂಗಳು ಹಳೆಯದು. ಅದರಲ್ಲಿ 11 ವಿಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆಯಾಗಿ ಮಾಡಿದ ನೆಟ್‌ವರ್ಕ್‌ಗಳು) ಇದ್ದವು. ನಮ್ಮಲ್ಲಿ ಆಗ ಓಡುತ್ತಿದ್ದಿದ್ದು 19. ಉಳಿದ ಎಂಟನ್ನು ಕೇಬಲ್ ಹಿಡಿದು, ಒಂದೊಂದೇ ಕಟ್ಟಡಕ್ಕೆ ಹೋಗಿ ಹುಡುಕಬೇಕಾಯಿತು. ಮೊದಲ ದಿನ ಲ್ಯಾಬ್‌ಗಳು ಬಂದವು. ಎರಡನೇ ದಿನ ಆಫೀಸು, ಲೈಬ್ರರಿ. ಮೂರನೇ ದಿನ ಸಂಜೆ ಎಲ್ಲ ಸರಿಹೋಯಿತು ಅಂದುಕೊಂಡು ಮನೆಗೆ ಹೋದೆ. ನಾಲ್ಕನೇ ದಿನ ಅಕೌಂಟ್ಸ್ ಮೇಡಂ ಬಂದು, 'ಸರ್, ಸೋಮವಾರದಿಂದ ಯಾರ ಹಾಜರಿಯೂ ಬಂದಿಲ್ಲ' ಅಂದರು. ಬಯೋಮೆಟ್ರಿಕ್ ಯಂತ್ರಗಳಿಗೇ ಬೇರೆ ಒಂದು ವಿಲ್ಯಾನ್ ಇತ್ತಂತೆ. ಅದು ಯಾರ ನೆನಪಿನಲ್ಲೂ ಇರಲಿಲ್ಲ.

ಆ ನಾಲ್ಕು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಸ್ವಿಚ್ ಸುಟ್ಟಿದ್ದಕ್ಕಿಂತ ಅದರ ನೆನಪನ್ನು ನಾವು ಎಲ್ಲೂ ಇಟ್ಟಿರಲಿಲ್ಲವಲ್ಲ ಅನ್ನುವುದೇ ಹೆಚ್ಚು ಕಾಡಿತು. ಇಂಥದ್ದನ್ನೆಲ್ಲ ತಾನೇ ಕೂಡಿಡುವ ಸಾಫ್ಟ್‌ವೇರ್ ಇದೆ ಅಂತ ಗೊತ್ತಿತ್ತು. ಹಾಕಿರಲಿಲ್ಲ. ಹಾಕಿ ಮುಗಿಸಲು ಏಳು ತಿಂಗಳು ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ ಅಂತ ನಡೆದಿದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕೊಟೇಶನ್ ತರಿಸಿದೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳಲ್ಲಿ ನಾನು ಕೇಳಿದ್ದು ಪ್ರತಿ ಸಾಧನಕ್ಕೆ ಇಷ್ಟು, ಪ್ರತಿ ವರ್ಷ ಇಷ್ಟು ಅನ್ನುವ ಲೆಕ್ಕದವು. ನಮ್ಮ ಮ್ಯಾನೇಜ್‌ಮೆಂಟ್‌ಗೆ ಅದು ಭಾರ. ಹಾಗಾಗಿ ಉಚಿತವಾಗಿ ಸಿಗುವ ಓಪನ್ ಸೋರ್ಸ್ ಕಡೆ ಹೋದೆ. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ನಿಜ, ಯಂತ್ರ ಬೇಕಲ್ವಾ? ಲ್ಯಾಬ್‌ನಿಂದ ತೆಗೆದುಹಾಕಿದ್ದ ಒಂದು ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್ ಇದ್ದದ್ದು, ಕೇಳಿ ಇಸಿದುಕೊಂಡೆ. ಅದಕ್ಕೆ ಒಂದೊಂದು ಟಿಬಿಯ ಎರಡು ಎಸ್‌ಎಸ್‌ಡಿ, ತಲಾ 5,500 ರೂಪಾಯಿ. ಒಂದು ಚಿಕ್ಕ ಯುಪಿಎಸ್, 3,400. ಸ್ವಿಚ್‌ಗೆ ನೇರವಾಗಿ ಸಿಕ್ಕಿಸಿ ಆಜ್ಞೆ ಕೊಡಲು ಒಂದು ಹೊಸ ಕನ್ಸೋಲ್ ಕೇಬಲ್, 650. ಒಟ್ಟು 15,050 ರೂಪಾಯಿ. ಇಷ್ಟಕ್ಕೆ ಫೈಲ್ ಪ್ರಿನ್ಸಿಪಾಲ್ ಸರ್ ಮೇಜಿನಿಂದ ಟ್ರಸ್ಟ್ ಆಫೀಸಿಗೆ, ಅಲ್ಲಿಂದ ಅಕೌಂಟ್ಸ್‌ಗೆ, ಮತ್ತೆ ಸ್ಟೋರ್ಸ್‌ಗೆ ಹೋಗಿ ಬರಲು 23 ದಿನ. ಮೂರು ಕೊಟೇಶನ್ ಮತ್ತು ತುಲನಾ ಪಟ್ಟಿ ಇಲ್ಲ ಅಂತ ಒಮ್ಮೆ ವಾಪಸ್ ಬಂತು. ಎಸ್‌ಎಸ್‌ಡಿಗೆ ಕೂಡ ಮೂರು ಕೊಟೇಶನ್ ಮೊದಲೇ ಲಗತ್ತಿಸಿಬಿಡಿ, ಒಂದು ವಾರ ಉಳಿಯುತ್ತದೆ.

ಆ 23 ದಿನ ಸುಮ್ನೆ ಕೂರಲಿಲ್ಲ. ಸಾಧನಗಳ ಪಟ್ಟಿ ಮಾಡಲು ಹೊರಟೆ. ಕಾಗದದ ಮೇಲೆ ನಮ್ಮಲ್ಲಿ 38 ಸಾಧನ. ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಏಣಿ ಹೊತ್ತು ಕಟ್ಟಡ ಕಟ್ಟಡ ತಿರುಗಿದಾಗ ಸಿಕ್ಕಿದ್ದು 47. ಸೆಮಿನಾರ್ ಹಾಲ್‌ನ ಫಾಲ್ಸ್ ಸೀಲಿಂಗ್ ಮೇಲೆ ಎರಡು, ಮೆಕ್ಯಾನಿಕಲ್ ವರ್ಕ್‌ಶಾಪ್‌ನ ಬೀರುವಿನ ಹಿಂದೆ ಒಂದು. ಲೇಡೀಸ್ ಹಾಸ್ಟೆಲ್‌ಗೆ ಹೋಗಲು ವಾರ್ಡನ್ ಮೇಡಂ ಲೆಟರ್ ಕೇಳಿದರು. ಅವರು ಕೇಳಿದ್ದು ಸರಿ. ಪ್ರಿನ್ಸಿಪಾಲ್ ಸಹಿ ಹಾಕಿಸಿ, ಹುಡುಗಿಯರು ಕ್ಲಾಸಿನಲ್ಲಿರುವ ಹೊತ್ತಿಗೆ, ಅಲ್ಲಿನ ಆಯಾ ಜೊತೆಗಿದ್ದಾಗ ಒಳಗೆ ಹೋದೆವು. ಈ ಲೆಟರ್‌ಗೇ ನಾಲ್ಕು ದಿನ. ಪ್ರತಿ ಸಾಧನದ ಬೆನ್ನಿನ ಸ್ಟಿಕ್ಕರ್‌ನ ಫೋಟೋ, ಐಪಿ, ಎಲ್ಲಿದೆ, ಬೀಗದ ಕೈ ಯಾರ ಹತ್ತಿರ, ಇಷ್ಟನ್ನು ಒಂದು ಶೀಟ್‌ನಲ್ಲಿ ಬರೆದೆ. ನೀವೂ ಸಾಫ್ಟ್‌ವೇರ್‌ಗೆ ಕೈ ಹಾಕುವ ಮುಂಚೆ ಇದನ್ನೇ ಮಾಡಿ. ಪಟ್ಟಿಯಲ್ಲಿ ಇಲ್ಲದ ಸಾಧನವನ್ನು ಯಾವ ಸಾಫ್ಟ್‌ವೇರೂ ತಾನಾಗಿ ಕಾಪಾಡುವುದಿಲ್ಲ.

ಕಾನ್ಫಿಗ್ ಕೂಡಿಡಲು ಎರಡು ಹೆಸರು ಎದುರಿಗಿದ್ದವು. ರ‍್ಯಾನ್ಸಿಡ್ ಹಳೆಯದು, ಗಟ್ಟಿಯಾದದ್ದು. ಬದಲಾವಣೆಯನ್ನು ಮೇಲ್ ಮಾಡುತ್ತದೆ. ಆಕ್ಸಿಡೈಸ್ಡ್ ಅದರ ಜಾಗಕ್ಕೆ ಅಂತ ರೂಬಿಯಲ್ಲಿ ಬರೆದ ಹೊಸದು. 130ಕ್ಕೂ ಹೆಚ್ಚು ಬಗೆಯ ಸಾಧನಗಳ ಭಾಷೆ ಅದಕ್ಕೆ ಗೊತ್ತು. ನಾನು ಆಕ್ಸಿಡೈಸ್ಡ್ ಆರಿಸಿದೆ. ಕೆಲಸ ಸರಳ. ಒಂದು ಪಟ್ಟಿ ಫೈಲ್ ಇರುತ್ತದೆ. ಅದರಲ್ಲಿರುವ ಪ್ರತಿ ಸಾಧನಕ್ಕೂ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಒಳಹೋಗುವ ದಾರಿ) ಮೂಲಕ ತಾನೇ ಲಾಗಿನ್ ಆಗುತ್ತದೆ, ಕಾನ್ಫಿಗ್ ತೋರಿಸು ಅನ್ನುತ್ತದೆ, ಬಂದದ್ದನ್ನು ಗಿಟ್‌ನಲ್ಲಿ, ಅಂದರೆ ಹಳೆಯ ಪ್ರತಿಗಳನ್ನೂ ಉಳಿಸುವ ಸಂಗ್ರಹದಲ್ಲಿ, ಇಡುತ್ತದೆ. ನೀವು ಏನೂ ಬದಲಿಸದಿದ್ದರೆ ಗಂಟೆಗೊಮ್ಮೆ. ಹಿಂದಿನದಕ್ಕೂ ಇಂದಿನದಕ್ಕೂ ಒಂದು ಸಾಲು ಬೇರೆಯಿದ್ದರೂ ಹೊಸ ಪ್ರತಿ ಉಳಿಯುತ್ತದೆ, ವ್ಯತ್ಯಾಸ ಏನು ಅಂತ ಬ್ರೌಸರ್‌ನಲ್ಲಿ 8888ನೇ ಪೋರ್ಟ್‌ನಲ್ಲಿ ನೋಡಬಹುದು. ಸಾಧನಕ್ಕೆ ಅದು ಏನನ್ನೂ ಬರೆಯುವುದಿಲ್ಲ, ಬರೀ ಓದುತ್ತದೆ. ಮ್ಯಾನೇಜ್‌ಮೆಂಟ್‌ಗೆ ಇದನ್ನು ಹೇಳಿದಾಗ ಅವರ ಅರ್ಧ ಭಯ ಹೋಯಿತು.

ಜುಲೈ ಮೊದಲ ವಾರ, ರಾತ್ರಿ ಎಂಟಕ್ಕೆ ಮೊದಲ ಸಲ ಓಡಿಸಿದೆ. 47ರಲ್ಲಿ 31 ಹಸಿರು, ಅಂದರೆ ಕಾನ್ಫಿಗ್ ಬಂತು; 16 ಕೆಂಪು, ಬರಲಿಲ್ಲ. ಆ 31 ಕಂಡಾಗ ಆದ ಖುಷಿ ಹೇಳಲಾರೆ. ಉಳಿದ 16ಕ್ಕೆ ಮೂರು ವಾರ ತಗೊಂಡಿತು.

ಒಂಬತ್ತು ಸ್ವಿಚ್‌ಗಳು ತುಂಬ ಹಳೆಯವು. ಅವುಗಳ ಎಸ್‌ಎಸ್‌ಎಚ್ ಬಳಸುವ ಬೀಗದ ಪದ್ಧತಿಯನ್ನು ಈಗಿನ ಲಿನಕ್ಸ್ ಸುರಕ್ಷಿತ ಅಲ್ಲ ಅಂತ ತಳ್ಳಿಬಿಡುತ್ತದೆ. ಆ ಗುಂಪಿಗೆ ಮಾತ್ರ ಹಳೆಯ ಪದ್ಧತಿ ಒಪ್ಪಿಕೋ ಅಂತ ಸೆಟ್ಟಿಂಗ್ ಬರೆಯಬಹುದು. ಎಲ್ಲ ಸಾಧನಕ್ಕೂ ಸೇರಿಸಿ ಬರೆಯಬೇಡಿ. ಎರಡು ಸಾಧನಗಳಲ್ಲಿ ಎಸ್‌ಎಸ್‌ಎಚ್ ಇರಲೇ ಇಲ್ಲ, ಟೆಲ್ನೆಟ್ ಮಾತ್ರ. ಪಾಸ್‌ವರ್ಡ್ ಬಯಲಲ್ಲಿ ಹೋಗುತ್ತದೆ. ಅವನ್ನು ಬೇರೆ ವಿಲ್ಯಾನ್‌ಗೆ ಹಾಕಿ, ಈ ಒಂದು ಯಂತ್ರ ಬಿಟ್ಟು ಬೇರೆ ಯಾರೂ ತಲುಪದ ಹಾಗೆ ಮಾಡಿದೆ.

ಮೂರು ಸಾಧನ ಕೆಂಪಾಗಿದ್ದಕ್ಕೆ ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಕಾರಣ ಸಿಕ್ಕಿದಾಗ ನಂಬಲಾಗಲಿಲ್ಲ. ಪಾಸ್‌ವರ್ಡ್‌ನಲ್ಲಿ ಒಂದು ಕೋಲನ್ ಇತ್ತು. ಪಟ್ಟಿ ಫೈಲ್‌ನಲ್ಲಿ ಹೆಸರು, ಐಪಿ, ಮಾದರಿ, ಬಳಕೆದಾರ, ಪಾಸ್‌ವರ್ಡ್ ಇವನ್ನು ಬೇರ್ಪಡಿಸುವುದೇ ಕೋಲನ್. ಹಾಗಾಗಿ ಪಾಸ್‌ವರ್ಡ್ ಮಧ್ಯಕ್ಕೆ ಮುರಿದು, ಅರ್ಧ ಮಾತ್ರ ಹೋಗುತ್ತಿತ್ತು. ಬೇರ್ಪಡಿಸುವ ಚಿಹ್ನೆ ಬದಲಿಸಬಹುದು, ನಾನು ಪಾಸ್‌ವರ್ಡ್‌ಗಳನ್ನೇ ಬದಲಿಸಿದೆ.

ಇನ್ನೆರಡು ಸ್ವಿಚ್‌ಗಳು ಲಾಗಿನ್ ಆಗಿ ನಿಂತುಬಿಡುತ್ತಿದ್ದವು. ಅವುಗಳಲ್ಲಿ ಯಾರೋ ಪ್ರೀತಿಯಿಂದ ಸ್ವಾಗತ ಫಲಕ ಬರೆದಿದ್ದರು. ಮೇಲೆ ಕೆಳಗೆ ಎರಡು ಸಾಲು ಪೂರ್ತಿ ಹ್ಯಾಶ್ ಗುರುತು, ಮಧ್ಯದಲ್ಲಿ 'ಅನುಮತಿ ಇಲ್ಲದವರಿಗೆ ಪ್ರವೇಶವಿಲ್ಲ'. ಸ್ವಿಚ್‌ನ ಪ್ರಾಂಪ್ಟ್, ಅಂದರೆ ಆಜ್ಞೆ ಕೊಡು ಅಂತ ಕಾಯುವ ಸಾಲು, ಕೊನೆಯಾಗುವುದೂ ಹ್ಯಾಶ್‌ನಿಂದಲೇ. ಫಲಕ ಕಂಡ ಕೂಡಲೇ ಸಾಫ್ಟ್‌ವೇರ್ ಪ್ರಾಂಪ್ಟ್ ಬಂತು ಅಂದುಕೊಂಡು, ಸ್ವಿಚ್ ಸಿದ್ಧವಾಗುವ ಮೊದಲೇ ಆಜ್ಞೆ ಕೊಡುತ್ತಿತ್ತು. ಹ್ಯಾಶ್ ತೆಗೆದು ನಕ್ಷತ್ರ ಹಾಕಿದೆ. ಮರುಗಂಟೆಗೆ ಹಸಿರು.

ಈಗ ಒಂದು ಮುಖ್ಯ ಮಾತು. ಕೆಂಪು ನನ್ನನ್ನು ಹೆದರಿಸಲಿಲ್ಲ, ಹೆದರಿಸಿದ್ದು ಹಸಿರು. ಭದ್ರತೆಗೆ ಅಂತ ನಾನು ಈ ಕೆಲಸಕ್ಕೇ ಕಡಿಮೆ ಹಕ್ಕಿನ ಒಂದು ಬಳಕೆದಾರ ಹೆಸರು ಮಾಡಿದ್ದೆ. ಕೆಲವು ಸ್ವಿಚ್‌ಗಳು ಕಡಿಮೆ ಹಕ್ಕಿನವರಿಗೆ ಇಲ್ಲ ಅನ್ನುವುದಿಲ್ಲ, ಅವರಿಗೆ ಕಾಣಬಹುದಾದಷ್ಟು ಸಾಲು ಮಾತ್ರ ಕೊಡುತ್ತವೆ. ಪರದೆಯ ಮೇಲೆ ಹಸಿರು, ಫೈಲ್‌ನಲ್ಲಿ 14 ಸಾಲು. ಇರಬೇಕಾದದ್ದು 600ಕ್ಕೂ ಹೆಚ್ಚು. ಎರಡು ವಾರ ಇದು ನನ್ನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಪ್ರತಿ ಫೈಲ್‌ನ ಸಾಲು ಎಣಿಸಿ, ಹಿಂದಿನ ದಿನಕ್ಕಿಂತ ಕಾಲುಭಾಗ ಕಡಿಮೆಯಾದರೂ, ಅಥವಾ 50 ಸಾಲಿಗಿಂತ ಕೆಳಗಿದ್ದರೂ ನನಗೆ ಮೇಲ್ ಬರುವ ಹಾಗೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಲಾಗಿನ್ ಆಗದಿದ್ದರೆ ಸುದ್ದಿ ಕೊಡುವ ಹುಕ್ ಆಕ್ಸಿಡೈಸ್ಡ್‌ನಲ್ಲೇ ಇದೆ, ಅದನ್ನೂ ಹಾಕಿ.

ಆಗಸ್ಟ್‌ನಲ್ಲಿ, ಯಾವ ಪೋರ್ಟ್‌ನಲ್ಲಿ ಎಷ್ಟು ಡೇಟಾ ಹರಿಯುತ್ತಿದೆ ಅಂತ ತೋರಿಸುವ ಗ್ರಾಫ್ ಕಡೆ ತಿರುಗಿದೆ. ಇದಕ್ಕೆ ಲಿಬ್ರೆಎನ್‌ಎಂಎಸ್. ಎಸ್‌ಎನ್‌ಎಂಪಿ (ಸಾಧನದ ಸ್ಥಿತಿ ಕೇಳುವ ಪದ್ಧತಿ) ಮೂಲಕ ಐದು ನಿಮಿಷಕ್ಕೊಮ್ಮೆ ಪ್ರತಿ ಪೋರ್ಟ್‌ನ ಲೆಕ್ಕ ಕೇಳುತ್ತದೆ. ಇಲ್ಲಿ ಬೇಗ ಮುಗಿಯಿತು, ಎರಡು ವಿಷಯ ಮಾತ್ರ ಹೇಳುತ್ತೇನೆ. ಒಂದು, ಎಸ್‌ಎನ್‌ಎಂಪಿಯ ಹಳೆಯ ಆವೃತ್ತಿಯಲ್ಲಿ ಇದ್ದ ಎರಡು ಸಾಧನಗಳ ಗ್ರಾಫ್ ಅರ್ಥವೇ ಆಗದ ಹಾಗೆ ಬರುತ್ತಿತ್ತು. ಹಳೆಯ ಆವೃತ್ತಿಯ ಎಣಿಕೆ 32 ಬಿಟ್‌ನದು. ಸುಮಾರು 429 ಕೋಟಿ ಬೈಟ್ ಆದಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಒಂದು ಗಿಗಾಬಿಟ್ ಪೋರ್ಟ್ ತುಂಬಿ ಹರಿದರೆ 34 ಸೆಕೆಂಡಿಗೆ ಒಂದು ಸುತ್ತು ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ನೋಡುವವರಿಗೆ ಎಷ್ಟು ಸುತ್ತು ಆಯಿತು ಅಂತ ತಿಳಿಯುವುದಾದರೂ ಹೇಗೆ? ಎರಡನೇ ಆವೃತ್ತಿಯ 64 ಬಿಟ್ ಎಣಿಕೆಗೆ ಬದಲಿಸಿ, ಸಾಧನ ಒಪ್ಪಿದರೆ ಮೂರನೇ ಆವೃತ್ತಿ ಇನ್ನೂ ಒಳ್ಳೆಯದು, ಅದರಲ್ಲಿ ಪಾಸ್‌ವರ್ಡೂ ಗೂಢಲಿಪಿಯೂ ಇದೆ.

ಎರಡು, ಈ ಗ್ರಾಫ್‌ಗಳು ಎಲ್ಲವನ್ನೂ ಎಂದೆಂದಿಗೂ ಇಡುವುದಿಲ್ಲ. ಇವುಗಳ ಹಿಂದೆ ಕೆಲಸ ಮಾಡುವುದು ಅಂಕಿಗಳನ್ನು ಕೂಡಿಡುವ ಆರ್‌ಆರ್‌ಡಿಟೂಲ್. ಅದರ ಫೈಲ್ ಗಾತ್ರ ಮೊದಲೇ ನಿಗದಿ, ಬೆಳೆಯುವುದೇ ಇಲ್ಲ. ಹೇಗೆ ಅಂದರೆ ಹಳೆಯ ಅಂಕಿಗಳನ್ನು ಸೇರಿಸಿ ಸರಾಸರಿ ಮಾಡುತ್ತಾ ಹೋಗುತ್ತದೆ. ಡಿಸ್ಕ್ ತುಂಬುವುದಿಲ್ಲ, ಅದು ಒಳ್ಳೆಯದು. ಹೋದ ವರ್ಷ ಇದೇ ದಿನ ಮಧ್ಯಾಹ್ನ ಐದು ನಿಮಿಷ ಲಿಂಕ್ ತುಂಬಿತ್ತಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಐಎಸ್‌ಪಿ ಜೊತೆ ಬ್ಯಾಂಡ್‌ವಿಡ್ತ್ ಬಗ್ಗೆ ಮಾತಾಡಲು ಪುರಾವೆ ಬೇಕಿದ್ದರೆ ಆ ವಾರದ ಗ್ರಾಫ್ ಆ ವಾರವೇ ತೆಗೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡಿಸಿದ್ದು ಲಾಗ್, ಅಂದರೆ ಸಾಧನಗಳು ಏನು ಯಾವಾಗ ಆಯಿತು ಅಂತ ಬರೆಯುವ ದಾಖಲೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯಾದರೆ 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರಗಳನ್ನು ಎನ್‌ಐಸಿ (ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) ಅಥವಾ ಎನ್‌ಪಿಎಲ್ (ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ) ಸಮಯಕ್ಕೆ ಹೊಂದಿಸಬೇಕು ಅಂತ ಇದೆ. ನಮ್ಮ ಆಡಿಟ್‌ನಲ್ಲಿ ಈ ಮೂರನ್ನೂ ಕೇಳಿದ್ದರು. ನಮ್ಮ ಹತ್ತಿರ ಫೈರ್‌ವಾಲ್‌ನೊಳಗೇ ಉಳಿಯುವ ನಾಲ್ಕೈದು ದಿನದ ಲಾಗ್ ಬಿಟ್ಟರೆ ಏನೂ ಇರಲಿಲ್ಲ.

ಲಾಗ್ ಕೂಡಿಡುವ ಆರ್‌ಸಿಸ್‌ಲಾಗ್ ಹಾಕಿ, ಎಲ್ಲ ಸಾಧನಗಳೂ 514ನೇ ಪೋರ್ಟ್‌ಗೆ ಲಾಗ್ ಕಳಿಸುವ ಹಾಗೆ ಮಾಡಿದೆ. ಮೊದಲ ದಿನದ ಫೈಲ್ ತೆಗೆದು ನೋಡಿದೆ. ವರ್ಕ್‌ಶಾಪ್ ಸ್ವಿಚ್‌ನಿಂದ ಬಂದ ಸಾಲು: ಮಾರ್ಚ್ 1, ರಾತ್ರಿ ಹನ್ನೆರಡು ದಾಟಿ ಒಂದು ನಿಮಿಷ ಏಳು ಸೆಕೆಂಡ್, ಎಂಟನೇ ಪೋರ್ಟ್ ಡೌನ್. ನಾವಿದ್ದದ್ದು ಸೆಪ್ಟೆಂಬರ್‌ನಲ್ಲಿ. ಸ್ವಿಚ್‌ಗೇ ಹೋಗಿ ಸಮಯ ಕೇಳಿದರೆ 1993 ಅಂತು. ಕರೆಂಟ್ ಹೋಗಿ ಬಂದಾಗಲೆಲ್ಲ ಆ ಸ್ವಿಚ್ ತನ್ನ ಲೆಕ್ಕವನ್ನು 1993ರ ಮಾರ್ಚ್ 1ರಿಂದ ಶುರುಮಾಡುತ್ತಿತ್ತು. ಇಂಥ ಲಾಗ್ ಇಟ್ಟುಕೊಂಡು ಯಾವ ಘಟನೆ ಯಾವಾಗ ಆಯಿತು ಅಂತ ಹೇಳಲು ಆಗುವುದಿಲ್ಲ. ಒಂದು ಯಂತ್ರ ಎನ್‌ಐಸಿ ಮತ್ತು ಎನ್‌ಪಿಎಲ್ ಸರ್ವರ್‌ಗಳಿಂದ ಸಮಯ ತರುವುದು, ಉಳಿದ 47 ಅದರಿಂದ ಕೇಳುವುದು, ಹೀಗೆ ಮಾಡಿದೆ. ಎಲ್ಲ ಕಡೆ ಯುಟಿಸಿಗಿಂತ (ಜಾಗತಿಕ ಸಮಯಕ್ಕಿಂತ) ಐದೂವರೆ ಗಂಟೆ ಮುಂದಿರುವ ಭಾರತೀಯ ಸಮಯ ಹೊಂದಿಸುವುದನ್ನೂ ಮರೆಯಬೇಡಿ. ಸಮಯ ಮೊದಲು, ಲಾಗ್ ಆಮೇಲೆ.

ಜಾಗದ ಲೆಕ್ಕ ಕೊಡುತ್ತೇನೆ, ಹುಡುಕಿದಾಗ ನನಗೆ ಎಲ್ಲೂ ಸಿಕ್ಕಿರಲಿಲ್ಲ. 1,400 ವಿದ್ಯಾರ್ಥಿಗಳ ನಮ್ಮ ಕಾಲೇಜಿನಲ್ಲಿ ಫೈರ್‌ವಾಲ್ ಒಂದೇ ದಿನಕ್ಕೆ ಸುಮಾರು 3.5 ಜಿಬಿ ಲಾಗ್ ಬರೆಯುತ್ತದೆ. 180 ದಿನಕ್ಕೆ 630 ಜಿಬಿ. ದಿನದ ಕೊನೆಗೆ ಜಿಜಿಪ್ ಮಾಡಿ ಕುಗ್ಗಿಸಿದರೆ 300 ಎಂಬಿ ಆಸುಪಾಸು, ಅಂದರೆ 180 ದಿನಕ್ಕೆ 54 ಜಿಬಿ. ಸ್ವಿಚ್‌ಗಳದ್ದೆಲ್ಲ ಸೇರಿಸಿದರೂ ಇದರ ಮುಂದೆ ಏನೂ ಅಲ್ಲ. ಹಾಗಂತ ನಿರಾಳವಾಗಿದ್ದಾಗ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಡಿಸ್ಕ್ ತುಂಬಿಹೋಯಿತು. ಒಂದು ಲ್ಯಾಬ್‌ನಲ್ಲಿ ಕೇಬಲ್‌ನ ಎರಡೂ ತುದಿ ಒಂದೇ ಸ್ವಿಚ್‌ಗೆ ಸಿಕ್ಕಿಸಿದ್ದರು. ಲೂಪ್ ಆಗಿ, ಲಾಗ್ ಸಾಲುಗಳು ಪ್ರವಾಹದ ಹಾಗೆ ಬಂದವು. ಡಿಸ್ಕ್ ತುಂಬಿದ್ದರಿಂದ ಗಿಟ್‌ಗೆ ಕಾನ್ಫಿಗ್ ಬರೆಯುವುದೂ ನಿಂತಿತ್ತು. ಲಾಗ್‌ಗೆ ಡಿಸ್ಕ್‌ನಲ್ಲಿ ಬೇರೆ ಪಾರ್ಟಿಶನ್ (ಭಾಗ), ಕಾನ್ಫಿಗ್‌ಗೆ ಬೇರೆ. ನಾನು ಎಡವಿ ಕಲಿತದ್ದು, ನೀವು ಮೊದಲ ದಿನವೇ ಮಾಡಿ.

ಇನ್ನೊಂದು ವಿಷಯ ನನಗೆ ತಾಂತ್ರಿಕ ಕೆಲಸಕ್ಕಿಂತ ಭಾರ ಅನ್ನಿಸಿತು. ಆ ಲಾಗ್‌ನಲ್ಲಿ ಯಾವ ಹುಡುಗ, ಯಾವ ಹುಡುಗಿ, ರಾತ್ರಿ ಎಷ್ಟು ಹೊತ್ತಿಗೆ ಯಾವ ಸೈಟ್‌ಗೆ ಹೋದರು ಅನ್ನುವುದೆಲ್ಲ ಇದೆ. ಒಬ್ಬ ವಿದ್ಯಾರ್ಥಿ ಯಾವ ಆಸ್ಪತ್ರೆಯ ಪುಟ ನೋಡಿದ ಅನ್ನುವುದು ನನಗೆ ಗೊತ್ತಾಗಬೇಕಾಗಿಲ್ಲ. ಪ್ರಿನ್ಸಿಪಾಲ್ ಸರ್ ಹತ್ತಿರ ಕೂತು ಒಂದು ಪುಟದ ನಿಯಮ ಬರೆದೆವು. ಲಿಖಿತ ಕಾರಣ ಇಲ್ಲದೆ ಯಾರೂ ತೆಗೆದು ನೋಡುವ ಹಾಗಿಲ್ಲ, ನೋಡಿದರೆ ಇಬ್ಬರ ಸಹಿ, 181ನೇ ದಿನ ತಾನಾಗಿ ಅಳಿಯಬೇಕು. ನಿಮ್ಮಲ್ಲೂ ಇದನ್ನು ಬರೆಸಿಕೊಳ್ಳಿ. ನಾಳೆ ಯಾರೋ ಬಂದು 'ಆ ಹುಡುಗಿಯದ್ದು ಸ್ವಲ್ಪ ನೋಡಿ ಹೇಳಿ' ಅಂದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಕಾನ್ಫಿಗ್ ಸಂಗ್ರಹವೂ ಅಷ್ಟೇ ಸೂಕ್ಷ್ಮ. ಇಡೀ ಕಾಲೇಜಿನ ಬೀಗದ ಕೈಗಳೆಲ್ಲ ಒಂದೇ ಡಬ್ಬದಲ್ಲಿ ಇಟ್ಟ ಹಾಗೆ. ಕಾನ್ಫಿಗ್‌ನಲ್ಲಿ ಕಲಸಿದ ಹಾಗೆ ಕಾಣುವ ಕೆಲವು ಪಾಸ್‌ವರ್ಡ್‌ಗಳನ್ನು ಕ್ಷಣದಲ್ಲಿ ಬಿಡಿಸಬಹುದು. ಗುಟ್ಟುಗಳನ್ನು ಅಳಿಸಿ ಇಡುವ ಸೌಲಭ್ಯ ಆಕ್ಸಿಡೈಸ್ಡ್‌ನಲ್ಲಿದೆ. ಅಳಿಸಿದರೆ ಆ ಪ್ರತಿಯಿಂದ ಮತ್ತೆ ಕಟ್ಟುವಾಗ ಅವನ್ನೆಲ್ಲ ಕೈಯಿಂದ ಹಾಕಬೇಕು. ನಾನು ಅಳಿಸಲಿಲ್ಲ. ಡಿಸ್ಕ್ ಪೂರ್ತಿ ಗೂಢಲಿಪಿ ಮಾಡಿ, 8888ನ್ನು ಆ ಯಂತ್ರದ ಹೊರಗೆ ಕಾಣದ ಹಾಗೆ ಮುಚ್ಚಿ, ವಾರಕ್ಕೊಂದು ಪ್ರತಿಯನ್ನು ಗೂಢಲಿಪಿಯಲ್ಲೇ ಪೆನ್‌ಡ್ರೈವ್‌ಗೆ ಹಾಕಿ ಇನ್ನೊಂದು ಕಟ್ಟಡದ ಬೀರುವಿನಲ್ಲಿ ಇಡುತ್ತೇವೆ. ಸಿಡಿಲು ಒಂದೇ ಕಟ್ಟಡಕ್ಕೆ ಬಡಿದರೂ ಉಳಿಯಲಿ ಅಂತ.

ನವೆಂಬರ್ ಕೊನೆಯ ಭಾನುವಾರ ಪರೀಕ್ಷೆ. ಕೋರ್‌ಗೆ ಅಂತ ಅಷ್ಟರಲ್ಲಿ ಒಂದು ಹಳೆಯ ಸ್ಪೇರ್ ಸ್ವಿಚ್ ಕೊಂಡಿದ್ದೆವು, 38,000 ರೂಪಾಯಿ. ಅದನ್ನು ಪೂರ್ತಿ ಅಳಿಸಿ, ಸಂಗ್ರಹದಲ್ಲಿದ್ದ ಕಾನ್ಫಿಗ್ ಹಾಕಿದೆ. ಎಲ್ಲ ಸಾಲೂ ಒಳಗೆ ಹೋಯಿತು. ಪೋರ್ಟ್‌ಗಳು ಹಸಿರಾದವು. ಒಂದು ಕಡೆಯೂ ಪಿಂಗ್ ಇಲ್ಲ, ಅಂದರೆ ಕರೆದರೆ ಯಾವ ಸಾಧನವೂ ಉತ್ತರಿಸುತ್ತಿಲ್ಲ. ಎದೆ ಧಸಕ್ ಅಂತು. ಆರು ತಿಂಗಳ ಕೆಲಸ ನೀರಿಗೆ ಬಿತ್ತಾ ಅಂತ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಆಮೇಲೆ ವಿಲ್ಯಾನ್ ಪಟ್ಟಿ ನೋಡಿದರೆ ಖಾಲಿ. ವಿಟಿಪಿ ಅಂದರೆ ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿ ಹಂಚುವ ವ್ಯವಸ್ಥೆ. ನಮ್ಮ ಕೋರ್ ಸ್ವಿಚ್ ಇದ್ದ ವಿಟಿಪಿ ಸರ್ವರ್ ಮೋಡ್‌ನಲ್ಲಿ ವಿಲ್ಯಾನ್‌ಗಳು ಕಾನ್ಫಿಗ್ ಫೈಲ್‌ನಲ್ಲಿ ಇರುವುದಿಲ್ಲ, ಫ್ಲ್ಯಾಶ್‌ನಲ್ಲಿ ಬೇರೆಯೇ ಒಂದು ಫೈಲ್‌ನಲ್ಲಿರುತ್ತವೆ. ಪೋರ್ಟ್‌ಗಳಿಗೆ ವಿಲ್ಯಾನ್ ಸಂಖ್ಯೆ ಇತ್ತು, ಆ ವಿಲ್ಯಾನೇ ಹುಟ್ಟಿರಲಿಲ್ಲ. ಎಸ್‌ಎಸ್‌ಎಚ್ ಕೀಗಳೂ ಕಾನ್ಫಿಗ್‌ನಲ್ಲಿ ಬರುವುದಿಲ್ಲ, ಹೊಸದಾಗಿ ಹುಟ್ಟಿಸಬೇಕು. ಹಾಸ್ಟೆಲ್‌ನ ಮೈಕ್ರೋಟಿಕ್ ರೌಟರ್‌ನಿಂದ ಎಕ್ಸ್‌ಪೋರ್ಟ್ ಮಾಡಿ ತೆಗೆದ ಕಾನ್ಫಿಗ್‌ನಲ್ಲಿ ಲಾಗಿನ್ ಬಳಕೆದಾರರು ಇರುವುದಿಲ್ಲ. ಅದರ ಸಾಫ್ಟ್‌ವೇರ್‌ನ ಏಳನೇ ಆವೃತ್ತಿಯಲ್ಲಂತೂ ಬೇಕು ಅಂತ ಕೇಳದಿದ್ದರೆ ಪಾಸ್‌ವರ್ಡ್‌ಗಳನ್ನೂ ಕೊಡುವುದಿಲ್ಲ.

ಆ ದಿನ ಕೋರ್ ಸ್ವಿಚ್ ಪೂರ್ತಿ ಎದ್ದು ನಿಲ್ಲಲು 2 ಗಂಟೆ 10 ನಿಮಿಷ. ಸೋಮವಾರವೇ ವಿಟಿಪಿಯನ್ನು ಟ್ರಾನ್ಸ್‌ಪರೆಂಟ್ ಮೋಡ್‌ಗೆ ಬದಲಿಸಿದೆ, ಹಾಗಾದರೆ ವಿಲ್ಯಾನ್‌ಗಳು ಕಾನ್ಫಿಗ್‌ನೊಳಗೇ ಬರುತ್ತವೆ. ಯಾವುದು ಸಂಗ್ರಹದಲ್ಲಿ ಇಲ್ಲವೋ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ರ‍್ಯಾಕ್ ಬಾಗಿಲಿನ ಒಳಗೆ ಅಂಟಿಸಿದೆ.

ಡಿಸೆಂಬರ್ ಎರಡನೇ ಶನಿವಾರ ಮತ್ತೆ ಮಾಡಿದೆವು. ಈ ಸಲ ಕನ್ಸೋಲ್ ಕೇಬಲ್ ಹಿಡಿದಿದ್ದು ಹೊಸದಾಗಿ ಸೇರಿದ ಲ್ಯಾಬ್ ಇನ್‌ಸ್ಟ್ರಕ್ಟರ್. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ, ಬಾಯಿ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅವರು ಹಾಳೆ ಓದುತ್ತಾ ಒಂದೊಂದೇ ಸಾಲು ಮಾಡಿದರು. 38 ನಿಮಿಷಕ್ಕೆ ಲೈಬ್ರರಿ, ಆಫೀಸು, ಬಯೋಮೆಟ್ರಿಕ್ ಎಲ್ಲ ಪಿಂಗ್ ಆದವು. ಮಧ್ಯದಲ್ಲಿ ಒಂದೇ ಕಡೆ ನಿಂತು, 'ಸರ್, ಫೈರ್‌ವಾಲ್ ಕೇಬಲ್ ಯಾವ ಪೋರ್ಟ್‌ಗೆ ಅಂತ ಇಲ್ಲಿ ಬರೆದೇ ಇಲ್ಲವಲ್ಲ' ಅಂತ ಕೇಳಿದರು. ಎದ್ದು ಹೋಗಿ ನೋಡಿದೆ. ನಿಜ, ಇರಲಿಲ್ಲ. ಲ್ಯಾಮಿನೇಶನ್ ಮೇಲೆಯೇ ಮಾರ್ಕರ್‌ನಲ್ಲಿ ಬರೆದೆ: 24ನೇ ಪೋರ್ಟ್, ನೀಲಿ ಕೇಬಲ್.